ಎಸ್‌ಎಸ್‌ಎಲ್‌ಸಿಯಲ್ಲಿ 96, ಪಿಯುಸಿಯಲ್ಲಿ 25ಕ್ಕೆ 7: ಲೆಕ್ಕದ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 7ರಿಂದ ಲೆಕ್ಕದ ಮೇಡಂ ಗುಂಪಿನಲ್ಲಿರ್ತಾರೆ. 24 ವರ್ಷದಿಂದ ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡ್ತಿದ್ದಾರೆ, ಅದಕ್ಕೂ ಮುಂಚೆ ನಾಲ್ಕು ವರ್ಷ ಹೈಸ್ಕೂಲಿನಲ್ಲಿದ್ದರು. ಹತ್ತನೇ ಕ್ಲಾಸಿಂದ ಪಿಯುಸಿಗೆ, ಅಲ್ಲಿಂದ ಮುಂದಕ್ಕೆ ಗಣಿತದ ದಾರಿ ಹೇಗೆ ಅನ್ನೋದು ವಿಷಯ. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ಬಯಲುಸೀಮೆ: ನಮಸ್ತೆ ಮೇಡಂ. ಮಗ ಸಿಬಿಎಸ್‌ಇ ಒಂಬತ್ತನೇ ಕ್ಲಾಸು. ಹತ್ತಕ್ಕೆ ಬೇಸಿಕ್ ಮ್ಯಾಥ್ಸ್ ತಗೊಂಡ್ರೆ ಮಾರ್ಕ್ಸ್ ಚೆನ್ನಾಗಿ ಬರತ್ತೆ ಅಂತ ಸ್ಕೂಲಲ್ಲಿ ಹೇಳ್ತಿದ್ದಾರೆ. ಮುಂದೆ ಪಿಯುಸಿ ಸೈನ್ಸ್‌ಗೆ ತೊಂದರೆ ಆಗತ್ತಾ?

ಲೆಕ್ಕದ ಮೇಡಂ: ನಮಸ್ಕಾರ. ಪುಸ್ತಕ ಒಂದೇ, ಪಾಠ ಒಂದೇ, ಬೋರ್ಡ್ ಪ್ರಶ್ನೆಪತ್ರಿಕೆ ಮಾತ್ರ ಬೇರೆ. 2020ರ ಪರೀಕ್ಷೆಯಿಂದ ಈ ಎರಡು ಬಗೆ ಬಂದಿವೆ. ಸ್ಟ್ಯಾಂಡರ್ಡ್ ಕೋಡ್ 041, ಬೇಸಿಕ್ 241. ಮುಂದೆ ಗಣಿತ ಓದಲ್ಲ ಅನ್ನೋ ಮಕ್ಕಳಿಗೆ ಅಂತಲೇ ಬೇಸಿಕ್ ಮಾಡಿದ್ದು. ಬೇಸಿಕ್ ಬರೆದವರಿಗೆ 11ರಲ್ಲಿ ಗಣಿತ ಬೇಕಾದರೆ ಕಂಪಾರ್ಟ್‌ಮೆಂಟ್ ಪರೀಕ್ಷೆಯಲ್ಲಿ (ಮರುಪರೀಕ್ಷೆ) ಸ್ಟ್ಯಾಂಡರ್ಡ್ ಪಾಸು ಮಾಡಬೇಕು ಅನ್ನೋದು ಮೂಲ ನಿಯಮ. ಕೋವಿಡ್ ಕಾಲದಲ್ಲಿ ಅದನ್ನ ಸಡಿಲಿಸಿದರು, ಆಮೇಲೂ ಸುತ್ತೋಲೆ ಮೇಲೆ ಸುತ್ತೋಲೆ ತಂದು ಮುಂದುವರಿಸಿದರು. ಸುತ್ತೋಲೆ ನಂಬಿಕೊಂಡು ಮಗುವಿನ ದಾರಿ ಹಾಕಬೇಡಿ. ಸೈನ್ಸ್ ಮನಸ್ಸಲ್ಲಿದ್ದರೆ ಸ್ಟ್ಯಾಂಡರ್ಡೇ ತಗೊಳ್ಳಿ.

ಅಂಗಡಿ ಲೆಕ್ಕ: ಮಗಳು ಕಾಮರ್ಸ್ ತಗೊಂಡು ಸಿಎ ಮಾಡ್ತಾಳಂತೆ. ಪಿಯುಸಿಯಲ್ಲಿ ಗಣಿತ ಕಡ್ಡಾಯನಾ ಮೇಡಂ?

ಲೆಕ್ಕದ ಮೇಡಂ: ಕಡ್ಡಾಯ ಅಲ್ಲ. ಆದರೆ ಸಿಎ ಫೌಂಡೇಶನ್‌ನ ಮೂರನೇ ಪೇಪರ್ 100 ಅಂಕಕ್ಕೆ ವ್ಯವಹಾರ ಗಣಿತ, ತರ್ಕ, ಸಂಖ್ಯಾಶಾಸ್ತ್ರ. ತಪ್ಪುತ್ತರಕ್ಕೆ ಕಾಲು ಅಂಕ ಹೋಗತ್ತೆ. ಕಾಲೇಜಿನಲ್ಲಿ ಬೇಸಿಕ್ ಮ್ಯಾಥ್ಸ್ ಅಥವಾ ಸ್ಟ್ಯಾಟಿಸ್ಟಿಕ್ಸ್ ಇರೋ ಕಾಂಬಿನೇಶನ್ ಇದ್ದರೆ ಅದನ್ನ ತಗೊಳ್ಳಲಿ. ಪಿಯು ಕಾಮರ್ಸಿನ ಬೇಸಿಕ್ ಮ್ಯಾಥ್ಸ್ ಬೇರೆ, ಮೇಲೆ ಹೇಳಿದ ಸಿಬಿಎಸ್‌ಇ ಬೇಸಿಕ್ ಬೇರೆ. ಹೆಸರು ಒಂದೇ ಅಂತ ಕಲಸಬೇಡಿ.

ಕಡಲತೀರ: ಮೇಡಂ, ಬಿ.ಆರ್ಕ್ ಮಾಡೋಕೆ ಪಿಯುಸಿಯಲ್ಲಿ ಗಣಿತ ಎಷ್ಟು ಗಟ್ಟಿ ಇರಬೇಕು?

ಹೊಸದುರ್ಗದ ಅಮ್ಮ: ಮೇಡಂ ನಮಸ್ಕಾರ. ನನ್ನ ಮಗಳು ಊರಿನ ಸರ್ಕಾರಿ ಶಾಲೇಲಿ ಕನ್ನಡ ಮೀಡಿಯಂ ಓದಿದವಳು. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ 96. ಈಗ ಪಿಯುಸಿಗೆ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ಸೇರಿದ್ದಾಳೆ. ಕಾಲೇಜ್ ಟೆಸ್ಟಲ್ಲಿ ಗಣಿತಕ್ಕೆ 25ಕ್ಕೆ 7 ಬಂದಿದೆ. ಮೂರು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ. ಆರ್ಟ್ಸ್‌ಗೆ ಹಾಕು ಅಂತಾಳೆ. ಅವಳ ಅಪ್ಪ ಸುಮ್ಮನೆ ಕೂತಿದ್ದಾರೆ. ಉತ್ತರಪತ್ರಿಕೆ ಫೋಟೋ ಹಾಕಿದ್ದೀನಿ, ದಯವಿಟ್ಟು ನೋಡಿ.

ಮಳೆಹನಿ: ಮೇಡಂ, ಸಿಬಿಎಸ್‌ಇ ಬೇಸಿಕ್ ತಗೊಂಡ್ರೆ ಪಿಸಿಎಂಸಿ ಸಿಗತ್ತಾ?

ಲೆಕ್ಕದ ಮೇಡಂ: ಮಳೆಹನಿ, ಮೊದಲನೇ ಉತ್ತರ ನೋಡಿ.

ಲೆಕ್ಕದ ಮೇಡಂ: ಹೊಸದುರ್ಗದ ಅಮ್ಮ, ಫೋಟೋ ದೊಡ್ಡದು ಮಾಡಿ ಎರಡು ಸಲ ನೋಡಿದೆ. ಸ್ವಲ್ಪ ಉದ್ದ ಬರೀತೀನಿ, ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಎರಡನೇ ಪ್ರಶ್ನೆ ನೋಡಿ. ಲಿಮಿಟ್ಸ್. ಎಕ್ಸ್ ವರ್ಗ ಮೈನಸ್ 9, ಕೆಳಗೆ ಎಕ್ಸ್ ಮೈನಸ್ 3, ಎಕ್ಸ್ 3ರ ಹತ್ತಿರ ಹೋಗತ್ತೆ. (ವರ್ಷದ ಕೊನೆ ಕಡೆಗೆ ಬರೋ ಪಾಠ ಇದು, ಫಿಸಿಕ್ಸ್‌ಗೆ ಬೇಕು ಅಂತ ಎಷ್ಟೋ ಕಾಲೇಜಲ್ಲಿ ಮೊದಲೇ ಮಾಡ್ತಾರೆ.) ನಿಮ್ಮ ಮಗಳು ಎಕ್ಸ್ ವರ್ಗದ ಮೇಲೆ ಒಂದು ಗೀಟು, ಕೆಳಗಿನ ಎಕ್ಸ್ ಮೇಲೆ ಒಂದು ಗೀಟು, 9ರ ಮೇಲೊಂದು, 3ರ ಮೇಲೊಂದು ಎಳೆದಿದ್ದಾಳೆ. ಮೇಲೆ ಎಕ್ಸ್ ಉಳೀತು, 3 ಉಳೀತು, ಮೈನಸ್‌ಗೆ ಮೈನಸ್ ಹೋಗಿ ಪ್ಲಸ್ ಆಯ್ತು. ಎಕ್ಸ್ ಪ್ಲಸ್ 3. ಉತ್ತರ 6. ಸರಿ ಉತ್ತರ! ನೋಡಿದವರು ಎರಡು ಅಂಕ ಕೊಟ್ಟು ಟಿಕ್ ಹಾಕಿದ್ದಾರೆ.

ಈಗ ಐದನೇ ಪ್ರಶ್ನೆ. ಎಕ್ಸ್ ಘನ ಮೈನಸ್ 27, ಕೆಳಗೆ ಎಕ್ಸ್ ವರ್ಗ ಮೈನಸ್ 9. ಅದೇ ಗೀಟು, ಅದೇ ಎಕ್ಸ್ ಪ್ಲಸ್ 3, ಅದೇ 6. ಇಲ್ಲಿ ಸೊನ್ನೆ. ಸರಿ ಉತ್ತರ 9/2. ಒಂದೇ ದಾರಿಯಲ್ಲಿ ಹೋದರೆ ಒಂದು ಕಡೆ ಟಿಕ್, ಇನ್ನೊಂದು ಕಡೆ ಸೊನ್ನೆ. ಆ ಹುಡುಗಿಗೆ ತಲೆ ಕೆಡದೆ ಇನ್ನೇನಾಗತ್ತೆ? ‘ನನಗೆ ಗಣಿತ ಬರಲ್ಲ’ ಅಂತ ಅವಳು ಅಂದುಕೊಂಡಿದ್ದರೆ ಅದರಲ್ಲಿ ಅವಳ ತಪ್ಪಿಲ್ಲ.

ಕೂಡೋ, ಕಳೆಯೋ ಪದಗಳ ನಡುವೆ ಗೀಟು ಹೊಡೆಯೋ ಹಾಗಿಲ್ಲ, ಗುಣಿಸಿರೋ ಅಪವರ್ತನಗಳನ್ನ ಮಾತ್ರ ಹೊಡೆಯಬಹುದು. ಇದು ಪಿಯುಸಿ ಪಾಠ ಅಲ್ಲ, ಎಂಟು ಒಂಬತ್ತನೇ ಕ್ಲಾಸಿಂದು. ಲಿಮಿಟ್ಸ್ ಅವಳಿಗೆ ಅರ್ಥ ಆಗಿದೆ. ಹಳೇ ಬೀಜಗಣಿತದ ಒಂದು ಇಟ್ಟಿಗೆ ಸಡಿಲ ಇದೆ, ಅಷ್ಟೇ. ಹಾಗಾದರೆ 96 ಹೇಗೆ ಬಂತು? ಅದು ಕಳ್ಳ ಅಂಕ ಅಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಇಂಥ ಪಾಠಕ್ಕೆ ಇಷ್ಟು ಅಂಕ ಅಂತ ನೀಲನಕ್ಷೆ ಇರತ್ತೆ. ನಕ್ಷೆ ಬಿಡಿಸೋ ಲೆಕ್ಕ, ಥೇಲ್ಸ್ ಪ್ರಮೇಯ ಎಲ್ಲ ಹತ್ತು ಸಲ ಮಾಡಿಸಿರ್ತಾರೆ. ನಾನೂ ಹೈಸ್ಕೂಲಲ್ಲಿದ್ದಾಗ ಪಾಸಿಂಗ್ ಪ್ಯಾಕೇಜ್ (ಪಾಸಾಗೋಕೆ ಸಾಕಾಗುವಷ್ಟು ಆಯ್ದ ಪ್ರಶ್ನೆಗಳು) ಮಾಡಿಸಿದವಳೇ, ಬೇರೆಯವರನ್ನ ಬೈಯೋ ಮುಖ ನನಗಿಲ್ಲ. ಮಾದರಿ ಗೊತ್ತಿದ್ದರೆ ಗೀಟಿನ ತಪ್ಪು ಹೊರಗೇ ಬರಲ್ಲ.

ಈಗ ಮಾಡಬೇಕಾದ್ದು ಇಷ್ಟು. ಯಾವುದಾದರೂ ಹಂತದ ಮೇಲೆ ಅನುಮಾನ ಬಂದರೆ ಎಕ್ಸ್ ಜಾಗಕ್ಕೆ ಒಂದು ಸಂಖ್ಯೆ ಹಾಕಿ ನೋಡಲಿ. 4 ಹಾಕಿ. ಎರಡನೇ ಪ್ರಶ್ನೇಲಿ ಮೇಲೆ 7, ಕೆಳಗೆ 1, ಭಾಗಿಸಿದರೆ 7. ಎಕ್ಸ್ ಪ್ಲಸ್ 3 ಕೂಡ 7. ಗೀಟು ಅದೃಷ್ಟದಿಂದ ಬಚಾವ್. ಐದನೇದರಲ್ಲಿ ಮೇಲೆ 37, ಕೆಳಗೆ 7. ಅದು ಏಳಾಗತ್ತಾ? ಆಗಲ್ಲ. ಅಲ್ಲೇ ಸಿಕ್ಕಿಬೀಳತ್ತೆ. ಏಳನೇ ಪ್ರಶ್ನೇಲಿ ಸೈನ್ ಒಳಗಿನ ಎ ಪ್ಲಸ್ ಬಿಯನ್ನ ಸೈನ್ ಎ ಪ್ಲಸ್ ಸೈನ್ ಬಿ ಅಂತ ಬಿಡಿಸಿದ್ದಾಳಲ್ಲ, ಅಲ್ಲೂ ಎರಡಕ್ಕೂ 30 ಡಿಗ್ರಿ ಹಾಕಿಸಿ. ಸೈನ್ 60 ಒಂದು ಅಂತ ಬರತ್ತೆ, ಅದು ಸುಳ್ಳು ಅಂತ ಅವಳಿಗೆ ಹತ್ತನೇ ಕ್ಲಾಸಿಂದಲೇ ಗೊತ್ತು.

ಇವತ್ತು ರಾತ್ರಿ ಈ ಐದು ಕೊಡಿ, ಸಹಾಯ ಮಾಡಬೇಡಿ: 1/ಎ ಪ್ಲಸ್ 1/ಬಿ ಎಷ್ಟು, ಎ ಮೈನಸ್ ಬಿ ಇಡೀದರ ವರ್ಗ, ಎಕ್ಸ್ ಘನ ಮೈನಸ್ 27ರ ಅಪವರ್ತನ, 9 ಪ್ಲಸ್ 16 ಎರಡೂ ಸೇರಿ ವರ್ಗಮೂಲದ ಒಳಗಿದ್ದರೆ ಎಷ್ಟು, 5 ಮೈನಸ್ 2 ಇಂಟು ಬ್ರಾಕೆಟಲ್ಲಿ ಎಕ್ಸ್ ಮೈನಸ್ 3. ಎಷ್ಟು ತಪ್ಪಾಯ್ತು ಅಂತ ಇಲ್ಲೇ ಹೇಳಿ. ಆರ್ಟ್ಸ್ ಮಾತು ಆಮೇಲೆ.

ಶುಭೋದಯ: 🙏 ಇಂಥ ಮಕ್ಕಳಿಗೆ ವೇದಿಕ್ ಮ್ಯಾಥ್ಸ್ ರಾಮಬಾಣ. 98 ಗುಣಿಸು 97 ಕ್ಷಣದಲ್ಲಿ! 21 ದಿನದಲ್ಲಿ ಮಗು ಲೆಕ್ಕದ ಹುಲಿ. ಶುಲ್ಕ 4,999 ಮಾತ್ರ. ಬಂದದ್ದನ್ನು ಹಾಗೇ ಕಳಿಸಿದ್ದೇನೆ.

ಲೆಕ್ಕದ ಮೇಡಂ: ಬಂದದ್ದನ್ನ ಹಾಗೇ ಇಟ್ಕೊಳ್ಳಿ. 98 ಗುಣಿಸು 97 ಇದೆಯಲ್ಲ ಅದರಲ್ಲಿ: ನೂರಕ್ಕೆ ಒಂದು 2 ಕಮ್ಮಿ, ಒಂದು 3 ಕಮ್ಮಿ. 98ರಲ್ಲಿ 3 ಕಳೆದು 95, ಎರಡ್ಮೂರ್ಲಿ ಆರು, 9506. ಚೆನ್ನಾಗಿದೆ. 100 ಮೈನಸ್ ಎ, 100 ಮೈನಸ್ ಬಿ ಎರಡನ್ನ ಗುಣಿಸಿದರೆ ಬರೋದೇ ಅದು, ಸರ್ಕಾರಿ ಪುಸ್ತಕದಲ್ಲಿ ಬಿಟ್ಟಿ ಸಿಗತ್ತೆ. ಈ ಹುಡುಗಿಗೆ ಗುಣಾಕಾರದ ಕಷ್ಟ ಇಲ್ಲ.

ಗಾಂಧಿಬಜಾರ್: ಕ್ಷಮಿಸಿ, ನೇರ ಮಾತು. ಕನ್ನಡ ಮೀಡಿಯಂಗೆ ಹಾಕಿದ್ದೇ ತಪ್ಪು. ಪಿಯುಸಿ ಸೈನ್ಸ್ ಪಾಠ ಪೂರ್ತಿ ಇಂಗ್ಲಿಷಲ್ಲಿ ಇರುವಾಗ ಹಳ್ಳಿ ಶಾಲೆಯ ಮಕ್ಕಳು ಏನು ಮಾಡ್ತಾರೆ?

ಹುಬ್ಬಳ್ಳಿ ಮಂದಿ: ಏನ್ರಿ ಮಾತಿದು? ನಾನೂ ಕನ್ನಡ ಸಾಲ್ಯಾಗ ಕಲಿತು ಎಂಜಿನಿಯರ್ ಆದಾಂವ. ಆಕಿ ಹೊಡದಿದ್ದು ಗೀಟರಿ, ಅದಕ್ಕ ಯಾವ ಮೀಡಿಯಂ?

ಗಾಂಧಿಬಜಾರ್: ನಿಮ್ಮ ಕಾಲ ಬೇರೆ ಸ್ವಾಮಿ. ಈಗ ಕಾಂಪಿಟಿಷನ್ ಎಷ್ಟಿದೆ ಗೊತ್ತಾ?

ಹುಬ್ಬಳ್ಳಿ ಮಂದಿ: ನಿಮ್ಮ ಮಗಾ ಎಷ್ಟು ತಗದಾನ ಹೇಳ್ರಿ ಮೊದಲ.

ಗಾಂಧಿಬಜಾರ್: ವೈಯಕ್ತಿಕ ಬೇಡ.

ಲೆಕ್ಕದ ಮೇಡಂ: ಭಾಷೆಯ ತೊಡಕು ಇಲ್ಲ ಅಂತ ನಾನು ಹೇಳಲ್ಲ. ‘ಅಪವರ್ತಿಸು’ ಅಂದರೆ ಗೊತ್ತಿರೋಳು ‘ಫ್ಯಾಕ್ಟರೈಸ್’ ಅಂದಾಗ ಒಂದು ಕ್ಷಣ ನಿಲ್ತಾಳೆ. ಗಣ, ಶ್ರೇಢಿ, ಬಹುಪದೋಕ್ತಿ ಎಲ್ಲಕ್ಕೂ ಹಾಗೇ. ಪದ ಕಂಡಾಗೆಲ್ಲ ಒಂದು ನೋಟ್‌ಬುಕ್ಕಿನ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆದುಕೊಂಡು ಹೋಗಲಿ. ಎರಡು ತಿಂಗಳ ಕೆಲಸ. ಇಂಗ್ಲಿಷ್ ಮೀಡಿಯಂನ ಮಕ್ಕಳೂ ಇದೇ ಗೀಟು ಹೊಡೀತಾರೆ, ಪ್ರತಿ ವರ್ಷ ನೋಡ್ತೀನಿ.

ಸಿಇಟಿ ಅಪ್ಪ: ಇಷ್ಟೆಲ್ಲ ಹಂತ ಬರೆಯೋದು ಯಾರಿಗೆ ಬೇಕು? ಸಿಇಟಿಯಲ್ಲಿ ಗಣಿತ 60 ಪ್ರಶ್ನೆ, 80 ನಿಮಿಷ, ನೆಗೆಟಿವ್ ಇಲ್ಲ. ಆಪ್ಷನ್ ಹಾಕಿ ನೋಡಿದ್ರೆ ಉತ್ತರ ಸಿಗತ್ತೆ. ಬೋರ್ಡ್ ಮಾರ್ಕ್ಸ್ ಯಾರೂ ಕೇಳಲ್ಲ.

ಹುಬ್ಬಳ್ಳಿ ಮಂದಿ: ಎಂಜಿನಿಯರಿಂಗ್ ರ‍್ಯಾಂಕಿನಾಗ ಅರ್ಧ ಬೋರ್ಡಿನ ಪಿಸಿಎಂ ಅಂಕ ಐತ್ರಿ. ತಿಳಕೊಂಡು ಮಾತಾಡ್ರಿ.

ಸಿಇಟಿ ಅಪ್ಪ: ನೀವು ಎಲ್ಲಾದಕ್ಕೂ ಯಾಕೆ ಮೂಗು ತೂರಿಸ್ತೀರಿ?

ಲೆಕ್ಕದ ಮೇಡಂ: ಅವರು ಹೇಳಿದ್ದು ಸರಿ. ದ್ವಿತೀಯ ಪಿಯುಸಿಯಲ್ಲಿ 80 ಬರವಣಿಗೆಗೆ, 20 ಆಂತರಿಕಕ್ಕೆ. ಹಂತಕ್ಕೆ ಅಂಕ ಇದೆ.

ನ್ಯೂಜೆರ್ಸಿ ಕನ್ನಡಿಗ: ಮೇಡಂ, ನಾವು ಮುಂದಿನ ವರ್ಷ ಬೆಂಗಳೂರಿಗೆ ವಾಪಸ್. ಇಲ್ಲಿ ಆಲ್ಜೀಬ್ರಾ ಒಂದು ಮುಗಿಸಿ ಜಾಮೆಟ್ರಿ, ಆಮೇಲೆ ಆಲ್ಜೀಬ್ರಾ ಎರಡು, ಪ್ರಿ ಕ್ಯಾಲ್ಕುಲಸ್ ಅಂತ ವರ್ಷಕ್ಕೊಂದು ವಿಷಯ. ಮಗಳು ಜಾಮೆಟ್ರಿ ಮಾಡ್ತಿದ್ದಾಳೆ. ಅಲ್ಲಿ ಹತ್ತಕ್ಕೆ ಸೇರಿದರೆ ಹೊಂದಿಕೊಳ್ತಾಳಾ?

ಲೆಕ್ಕದ ಮೇಡಂ: ಇಲ್ಲಿ ಒಂದೇ ವರ್ಷದಲ್ಲಿ ಎಲ್ಲ ಸ್ವಲ್ಪ ಸ್ವಲ್ಪ ಬರತ್ತೆ. ಅವಳಿಗೆ ರೇಖಾಗಣಿತದಲ್ಲಿ ತೊಂದರೆ ಆಗಲಿಕ್ಕಿಲ್ಲ. ಸಮಾಂತರ ಶ್ರೇಢಿ, ತ್ರಿಕೋನಮಿತಿ, ಘನಾಕೃತಿಗಳ ಲೆಕ್ಕ ಬಿಟ್ಟುಹೋಗಿದೆಯಾ ನೋಡಿ. ನಮ್ಮ ಒಂಬತ್ತನೇ ಕ್ಲಾಸಿನ ಪುಸ್ತಕ ಈಗಲೇ ತರಿಸಿ. ಕ್ಯಾಲ್ಕುಲೇಟರ್ ಅಭ್ಯಾಸ ಬಿಡಿಸಿ, ಇಲ್ಲಿ ಬೋರ್ಡ್ ಪರೀಕ್ಷೆಗೆ ಒಳಗೆ ಬಿಡಲ್ಲ.

ಸಿಇಟಿ ಅಪ್ಪ: ಡಾಲರ್ ಇದ್ದವರ ಪ್ರಶ್ನೆಗೆ ಉದ್ದ ಉತ್ತರ.

ನ್ಯೂಜೆರ್ಸಿ ಕನ್ನಡಿಗ: ಇದೇನು ಸಾರ್ ಮಾತು?

ಬೇಲೂರು ಬೀದಿ: ಮಗನಿಗೆ ಗಣಿತದಲ್ಲಿ 52. ಡಿಪ್ಲೊಮಾಗೆ ಹಾಕಿದರೆ ಗಣಿತದ ಕಾಟ ತಪ್ಪತ್ತಾ ಮೇಡಂ?

ಲೆಕ್ಕದ ಮೇಡಂ: ತಪ್ಪಲ್ಲ, ಮುಂದಕ್ಕೆ ಹೋಗತ್ತೆ. ಡಿಪ್ಲೊಮಾದಲ್ಲೂ ಗಣಿತ ಇದೆ. ಮೂರು ವರ್ಷ ಮುಗಿಸಿ ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಸೇರಬಹುದು. ಹಾಗೆ ಸೇರಿದವರಿಗೆ ಅಂತಲೇ ವಿಟಿಯು (ತಾಂತ್ರಿಕ ವಿಶ್ವವಿದ್ಯಾಲಯ) ಪ್ರತ್ಯೇಕ ಗಣಿತದ ಪೇಪರ್ ಇಟ್ಟಿತ್ತು, ಯಾಕೆ ಅಂತ ಯೋಚಿಸಿ. ಕೈಕೆಲಸದಲ್ಲಿ ಆಸಕ್ತಿ ಇದ್ದರೆ ಹಾಕಿ, ಗಣಿತಕ್ಕೆ ಹೆದರಿ ಹಾಕಬೇಡಿ.

ತುಂಗೆ: ಸಿಬಿಎಸ್‌ಇ ಬೇಸಿಕ್ ಒಳ್ಳೇದಾ ಸ್ಟ್ಯಾಂಡರ್ಡ್ ಒಳ್ಳೇದಾ?

ಲೆಕ್ಕದ ಮೇಡಂ: ಮೇಲಿದೆ.

ಕಡಲತೀರ: ಮೇಡಂ, ಬಿ.ಆರ್ಕ್ ಪ್ರಶ್ನೆ ಕೇಳಿದ್ದೆ.

ಶುಭೋದಯ: ಎಲ್ಲ ಪೋಷಕರ ಗಮನಕ್ಕೆ!! ಸಿಬಿಎಸ್‌ಇ ಹೊಸ ಆದೇಶ, 241 ಕೋಡ್ ಗಣಿತ 12ನೇ ತರಗತಿಗೂ ಮಾನ್ಯ, ಬೇಸಿಕ್ ತಗೊಂಡವರು ನೇರ ಎಂಜಿನಿಯರಿಂಗ್!! ಹತ್ತು ಜನಕ್ಕೆ ಕಳಿಸಿ.

ಮಳೆಹನಿ: ಹೌದಾ? ಹಾಗಾದ್ರೆ ಬೇಸಿಕ್ಕೇ ತಗೊಳ್ಳೋಣ 😊

ಲೆಕ್ಕದ ಮೇಡಂ: ಅಲ್ಲ! ಮಳೆಹನಿ, ದಯವಿಟ್ಟು ನಿಲ್ಲಿ. 12ರಲ್ಲಿ 241 ಅಂದರೆ ಅಪ್ಲೈಡ್ ಮ್ಯಾಥಮ್ಯಾಟಿಕ್ಸ್, 2020ರಲ್ಲಿ ಶುರುವಾದ ಬೇರೆಯೇ ವಿಷಯ, ಕಾಮರ್ಸ್ ಕಡೆ ಹೋಗೋರಿಗೆ ಹೆಚ್ಚು ಹೊಂದತ್ತೆ. ಹತ್ತರ ಬೇಸಿಕ್‌ಗೂ ಅದೇ ನಂಬರ್ ಕೊಟ್ಟಿದ್ದಾರೆ. ಯಾರೋ ಎರಡು ನಂಬರ್ ಒಂದೇ ಅಂತ ನೋಡಿ ಕಥೆ ಕಟ್ಟಿದ್ದಾರೆ. ಶುಭೋದಯ ಅವರೇ, ನಿಮಗೆ ಇದು ಒಂದು ಬೆರಳಿನ ಕೆಲಸ, ಇದನ್ನ ನಂಬಿದ ಮಗು ಎರಡು ವರ್ಷ ಕಳ್ಕೊಳ್ಳತ್ತೆ. ಅಳಿಸಿ.

ಶುಭೋದಯ: ಒಳ್ಳೇ ಉದ್ದೇಶದಿಂದ ಹಾಕಿದ್ದೆ. ಹಿರಿಯರಿಗೆ ಹೀಗೆ ಮಾತಾಡೋದಾ?

ಹುಬ್ಬಳ್ಳಿ ಮಂದಿ: ಅಳಸ್ರಿ ಅಜ್ಜಾರ.

ಶುಭೋದಯ: ನನಗೆ 58.

ಗಾಂಧಿಬಜಾರ್: ಅಡ್ಮಿನ್, ಈ ಹುಬ್ಬಳ್ಳಿಯವರನ್ನ ಸ್ವಲ್ಪ ನೋಡಿ.

ಅಡ್ಮಿನ್: ಶುಭೋದಯ ಅವರ ಎರಡೂ ಪೋಸ್ಟ್ ತೆಗೆದಿದ್ದೇನೆ. ಎಲ್ಲರೂ ಸಮಾಧಾನ.

ಮಾವಿನಕಾಯಿ: ಲೆಕ್ಕಕ್ಕೆ ಫೋನ್ ಹಿಡಿದ್ರೆ ಆ್ಯಪ್ ಹಂತ ಹಂತವಾಗಿ ಬಿಡಿಸಿ ಕೊಡತ್ತೆ. ಟ್ಯೂಷನ್ ಬದಲು ಅದು ಸಾಕಲ್ವಾ?

ಲೆಕ್ಕದ ಮೇಡಂ: ಮಗು ಮೊದಲು ಬಿಡಿಸಿ, ಆಮೇಲೆ ತಾಳೆ ನೋಡಿದರೆ ಸರಿ. ಮೊದಲೇ ಫೋನ್ ಹಿಡಿದರೆ ಆ ಗೀಟು ನಿಮ್ಮ ಕಣ್ಣಿಗೂ ಬೀಳಲ್ಲ, ಮೇಷ್ಟ್ರ ಕಣ್ಣಿಗೂ ಬೀಳಲ್ಲ.

ತುಂಗೆ: ಮೇಲಿದೆ ಅಂದ್ರಿ, ಸಿಕ್ಕಲಿಲ್ಲ. ಬೇಸಿಕ್ಕಾ ಸ್ಟ್ಯಾಂಡರ್ಡಾ?

ಲೆಕ್ಕದ ಮೇಡಂ: ಸ್ಟ್ಯಾಂಡರ್ಡ್.

ಹೊಸದುರ್ಗದ ಅಮ್ಮ: ಮೇಡಂ, ಮಾಡಿದ್ಲು. ಐದರಲ್ಲಿ ಎರಡು ಸರಿ. ವರ್ಗಮೂಲದ್ದಕ್ಕೆ ಮೊದಲು 7 ಅಂತ ಬರೆದ್ಲು. ಅಪ್ಪ ಪಕ್ಕದಲ್ಲಿ ಕೂತು ‘9, 16 ಕೂಡಿದ್ರೆ ಎಷ್ಟಮ್ಮ’ ಅಂದ್ರು, ಸಹಾಯ ಅಂತ ಅಂದಿದ್ದಲ್ಲ, ಬಾಯಿತಪ್ಪಿ. 7 ಹೊಡೆದು 5 ಅಂತ ಬರೆದ್ಲು. ಅದನ್ನ ಸರಿ ಅಂತ ಎಣಿಸಿಲ್ಲ. ಮೂರನೇದು ಪೂರ್ತಿ ಖಾಲಿ. ಐದನೇದಕ್ಕೆ 3 ಎಕ್ಸ್ ಮೈನಸ್ 9 ಅಂದಿದ್ದಾಳೆ.

ಲೆಕ್ಕದ ಮೇಡಂ: ಐದರಲ್ಲಿ ಎರಡನ್ನ ಮೊದಲೇ ಕಳೆದುಬಿಟ್ಟಿದ್ದಾಳೆ. ಗುಣಾಕಾರ ಮೊದಲು ಅಂತ ಹೇಳಿ, ಎಕ್ಸ್‌ಗೆ 4 ಹಾಕಿ ತಾಳೆ ನೋಡಲಿ. ನಾಳೆ ಎಂಟನೇ ಕ್ಲಾಸಿನ ಪುಸ್ತಕ ತೆಗೆಸಿ, ಅಪವರ್ತನದ ಪಾಠ, ದಿನಕ್ಕೆ ಆರು ಲೆಕ್ಕ. ಹಾಳೆ ಫೋಟೋ ಭಾನುವಾರ ಕಳಿಸಿ. ತಪ್ಪಿದ್ದನ್ನ ರಬ್ಬರ್ ಹಾಕಿ ಅಳಿಸಬೇಡ ಅಂತ ಹೇಳಿ. ಊಟ ಮಾಡಿದ್ಲಾ?

ಹೊಸದುರ್ಗದ ಅಮ್ಮ: ಈಗ ಮಾಡ್ತಿದ್ದಾಳೆ ಮೇಡಂ.

ಕಡಲತೀರ: ಬಿ.ಆರ್ಕ್ ಬಗ್ಗೆ ಯಾರಾದ್ರೂ?

ಅಡ್ಮಿನ್: ಹತ್ತೂವರೆ ಆಯ್ತು, ಕಾಮೆಂಟ್ ಮುಚ್ತಿದ್ದೇನೆ.