ಪದ ಬೇಕು: ‘ಸೆರಾಮಿಕ್ ಆರ್ಟಿಸ್ಟ್’ (ಇವತ್ತು ಸಂಜೆಯೊಳಗೆ)

ಬೆಂಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ಗ್ರೀಸಿನ ಸಿಫ್ನೋಸ್ ದ್ವೀಪದಲ್ಲಿ ಮಣ್ಣಿನ ಪಾತ್ರೆ ಮಾಡುವ ಹೆಂಗಸೊಬ್ಬರ ಬದುಕಿನ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೇನೆ. ಆರು ಗಂಟೆಗೆ ಪುಟ ಅಚ್ಚಿಗೆ ಹೋಗಬೇಕು. ಒಳಗಿನದೆಲ್ಲ ಮುಗಿದಿದೆ, ತಲೆಬರಹವೇ ನಿಂತಿದೆ. ಇಂಗ್ಲಿಷಿನಲ್ಲಿ ‘ಸೆರಾಮಿಕ್ ಆರ್ಟಿಸ್ಟ್’. ನಾನು ‘ಕುಂಬಾರಗಿತ್ತಿ’ ಅಂತ ಬರೆದೆ. ಜಾತಿಯ ಹೆಸರಾಗುತ್ತದೆ ಅಂತ ಸಂಪಾದಕರು ಹೊಡೆದುಹಾಕಿದರು. ‘ಪಿಂಗಾಣಿ ಕಲಾವಿದೆ’ ಅನ್ನಿ ಅಂತಾರೆ.

ಸಂದರ್ಭ ಹೇಳಿಬಿಡುತ್ತೇನೆ. ಆಕೆಯ ಕೆಲಸದ ಮನೆ ವಥಿ ಕೊಲ್ಲಿಯ ದಡದಲ್ಲಿದೆ. ಕಡಲ್ಗಳ್ಳರ ಕಾಟ ಇದ್ದಷ್ಟು ಕಾಲ ಅಲ್ಲಿನ ಕುಂಬಾರರು ಒಳಗಿನ ಊರುಗಳಲ್ಲಿದ್ದರು. ಆ ಭಯ ತೀರಿದ ಮೇಲೆ ದಡಕ್ಕಿಳಿದರು. ಮಡಕೆ ಸುಡುವ ಆವಿಗೆಯಿಂದ ತೆಗೆದದ್ದನ್ನು ನೇರ ದೋಣಿಗೇ ತುಂಬಬಹುದಲ್ಲ. ಈಕೆ ಪ್ರವಾಸಿಗಳಿಗೆ ಬಟ್ಟಲು, ಹೂಜಿ ಮಾಡಿದರೂ ಊರವರು ಕೇಳಿಕೊಂಡು ಬರುವುದು ಸ್ಕೆಪಸ್ತರ್ಯಾ ಎಂಬ ಮುಚ್ಚಳದ ಗಡಿಗೆ. ಶನಿವಾರ ಸಂಜೆ ಅದರಲ್ಲಿ ಕಾಬೂಲಿ ಕಡಲೆ, ಈರುಳ್ಳಿ, ಆಲಿವ್ ಎಣ್ಣೆ, ನೀರು ಹಾಕಿ ಸೌದೆ ಒಲೆಯೊಳಗೆ ತಳ್ಳಿದರೆ ರಾತ್ರಿಯಿಡೀ ಬೆಂದು, ಭಾನುವಾರ ಚರ್ಚಿನಿಂದ ಬಂದವರ ಊಟಕ್ಕೆ ಸಿದ್ಧ. ಇಂಥದ್ದನ್ನು ಪಿಂಗಾಣಿ ಅನ್ನಲು ನನಗೆ ಮನಸ್ಸಿಲ್ಲ.

ಇನ್ನೊಂದು: ಮನೆಯ ಹೊಗೆಗೂಡಿನ ನೆತ್ತಿಗೆ ಕೂರಿಸುವ ತೂತುಗಳ ಮಣ್ಣಿನ ಕೊಡಕ್ಕೆ ಅಲ್ಲಿ ಫ್ಲಾರೋಸ್ ಅನ್ನುತ್ತಾರೆ. ನಮ್ಮಲ್ಲಿ ಏನಾದರೂ ಇದೆಯೇ?

ಮೈಸೂರಿನಿಂದ:

ಪಿಂಗಾಣಿ ತಪ್ಪು. ಅದಕ್ಕೆ ಬಿಳಿ ಜೇಡಿ ಬೇಕು, 1200 ಡಿಗ್ರಿ ದಾಟಿದ ಉರಿ ಬೇಕು. ನಿಮ್ಮದು ಕೆಂಪು ಮಣ್ಣಿನ ಅಡುಗೆ ಗಡಿಗೆ.

ಆದರೆ ಶಬ್ದ ಬಂದ ದಾರಿ ನೋಡಿ. ಪಾರಸಿಯಲ್ಲಿ ಪಿಂಗಾನ್ ಅಂದರೆ ಬಟ್ಟಲು. ಅರಬ್ಬಿಗೆ ಹೋಗಿ ಫಿಂಜಾನ್ ಆಯಿತು, ಅಲ್ಲಿಂದ ತುರ್ಕಿ, ತುರ್ಕಿಯಿಂದ ಗ್ರೀಕಿಗೆ ಇಳಿದು ಫ್ಲಿಜಾನಿ. ನಿಮ್ಮಾಕೆ ಬೆಳಿಗ್ಗೆ ಕಾಫಿ ಕುಡಿಯುವುದು ಅದರಲ್ಲೇ. ಪಾರಸಿಯದರ ಹಿಂದೆ ಗ್ರೀಕಿನ ಪಿನಾಕ್ಸ್, ಅಂದರೆ ತಟ್ಟೆ, ಇದೆ ಎಂಬ ವಾದವೂ ಉಂಟು. ನಾನು ಆ ಪಕ್ಷದವನು. ಸೆರಾಮಿಕ್ ಹೇಗೂ ಅವರದೇ: ಕೆರಾಮೋಸ್, ಕುಂಬಾರರ ಮಣ್ಣು. ಅಥೆನ್ಸಿನ ಕುಂಬಾರಗೇರಿ ಕೆರಾಮೈಕೋಸ್.

ಶಿವಮೊಗ್ಗದಿಂದ:

ಪಾರಸಿ, ಅರಬ್ಬಿ, ತುರ್ಕಿ ಎಲ್ಲ ಸುತ್ತಿ ಬಂದಿರಿ, ಕನ್ನಡ ಎಲ್ಲಿ ಸಾರ್? ‘ಸುಡುಮಣ್ಣು’ ಕಣ್ಣೆದುರಿಗಿದೆ. ‘ಸುಡುಮಣ್ಣಿನ ಚಳಕಗಾರ್ತಿ’ ಅನ್ನಿ, ಮುಗಿಯಿತು. ಕಲಾವಿದೆ ಬೇಡ, ಸಂಸ್ಕೃತ. ಕುಂಬಾರ ಕೂಡ ಕುಂಭಕಾರನೇ. ಆವಿಗೆಯೊಂದು ನಮ್ಮದು, ಅದನ್ನಾದರೂ ಉಳಿಸಿಕೊಳ್ಳಿ.

ಮೈಸೂರಿನಿಂದ:

ಆವಿಗೆ ‘ಆಪಾಕ’ದ ತದ್ಭವ. ಹಳಗನ್ನಡದ ಆವಗೆ ನೋಡಿ. ಚಳಕಗಾರ್ತಿಯ ‘ಗಾರ’ವೂ ಆ ‘ಕಾರ’ವೇ. ಸೋಸಿದರೆ ನಿಮಗೆ ಉಳಿಯುವುದು ಮಣ್ಣು.

ಖಾನಾಪುರದಿಂದ:

ನಮ್ಮದು ಕುಂಬಾರ ಮನೆತನರಿ. ಸಂಪಾದಕರಿಗೆ ಕುಂಬಾರ ಅಂದ್ರ ಬೈಗುಳ ಅನಸ್ತದೇನು? ಗಡಿಗಿ ಶೋಕೇಸಿನ್ಯಾಗ ಇಟ್ರ ಕಲಾವಿದೆ, ಒಲಿ ಮ್ಯಾಲಿಟ್ರ ಕುಂಬಾರ, ಹಿಂಗೇನು?

ಆದ್ರ ಮೇಡಂ, ‘ಕುಂಬಾರಗಿತ್ತಿ’ ಬ್ಯಾರೆ ಕಾರಣಕ್ಕ ತಪ್ಪು. ನಮ್ಮ ಕಡೆ ಅದರರ್ಥ ಕುಂಬಾರನ ಹೇಣ್ತಿ. ಮಣ್ಣು ತುಳಿಯಾಕಿ, ಜಾಜು ಬಳಿಯಾಕಿ, ಸಂತ್ಯಾಗ ಬುಟ್ಟಿ ಇಟಗೊಂಡು ಕುಂದ್ರಾಕಿ. ತಿಗರಿ, ಅಂದ್ರ ಗಡಿಗಿ ಮಾಡೂ ಚಕ್ರದ ಮುಂದ ಕುಂದ್ರಾವ ಗಂಡಸು. ನಮ್ಮವ್ವ 40 ವರ್ಷ ಮಣ್ಣಿನ್ಯಾಗಿನ ಹಳ್ಳು ಆರಿಸಿ ಹದಾ ಮಾಡ್ಯಾಳ. ಮುಂಗೈತನಕ ಸೀಳಿದ ಚರ್ಮ. ಒಂದಿನ ತಿಗರಿ ಮುಟ್ಟಿಲ್ಲ, ಮುಟ್ಟಸಿಕೊಟ್ಟಿಲ್ಲ. ನಿಮ್ಮಾಕಿ ತಿಗರಿ ಮುಂದ ಕುಂತಾಳ ಅಂದ್ರ ಆಕಿ ಕುಂಬಾರ. ಡಾಕ್ಟರ್ ಹೆಣ್ಣಾದ್ರ ಡಾಕ್ಟರಗಿತ್ತಿ ಅಂತೀರೇನು? ಅಲ್ಲೆ ಊರವರು ಆಕೀಗೆ ಏನಂತಾರ, ಅದನ್ನ ಮೊದ್ಲ ಹೇಳ್ರಿ.

ಬೆಂಗಳೂರಿನಿಂದ:

ಲೇಖನದಲ್ಲೇ ಇದೆ, ನಾನು ಮೊದಲೇ ಹೇಳಬೇಕಿತ್ತು. ಪುಸ್ತಕದ ಮಾತು ಆಂಗಿಯೋಪ್ಲಾಸ್ತಿಸ್, ಪಾತ್ರೆ ರೂಪಿಸುವವನು, ಹೆಣ್ಣಾದರೆ ಆಂಗಿಯೋಪ್ಲಾಸ್ತ್ರಿಯಾ. ಗ್ಯಾಲರಿಯವರು ಕೆರಾಮಿಸ್ತ್ರಿಯಾ ಅನ್ನುತ್ತಾರೆ. ದ್ವೀಪದವರ ಮಾತು ತ್ಸಿಕಾಲಾಸ್, ಗಡಿಗೆಯವನು. ಅಲ್ಲೂ ಕಸುಬು ಅಪ್ಪನಿಂದ ಮಗನಿಗೇ ಬಂದದ್ದು. ಈಕೆ ಗಂಡುರೂಪವನ್ನು ತಿದ್ದದೆ ತಾನು ತ್ಸಿಕಾಲಾಸ್ ಅಂತಲೇ ಹೇಳಿಕೊಳ್ಳುತ್ತಾರೆ. ಖಾನಾಪುರದವರು ಹೇಳಿದ್ದೂ ಅದೇ ಆಯಿತು.

ಶಿವಮೊಗ್ಗದಿಂದ:

ಅವರು ಗಂಡುರೂಪ ಇಟ್ಟುಕೊಂಡರೆ ಕನ್ನಡವೂ ಇಟ್ಟುಕೊಳ್ಳಬೇಕೆ? ಮೊದಲು ಪದ ಎರವಲು, ಈಗ ಲಿಂಗವೂ ಎರವಲು.

ಮೈಸೂರಿನಿಂದ:

‘ವೈದ್ಯರು’, ‘ಲೇಖಕರು’ ಅಂತ ದಿನಾ ಬರೆಯುತ್ತೀರಿ. ‘ಕುಂಬಾರರು’ ಅನ್ನಿ. ಬಹುವಚನದಲ್ಲಿ ಗೌರವವೂ ಬಂತು, ಲಿಂಗದ ತಕರಾರೂ ಹೋಯಿತು.

ಖಾನಾಪುರದಿಂದ:

ಕುಂಬಾರರು ಅಂದ್ರ ಓಣಿಗೆ ಓಣಿನ ಬಂದು ನಿಂತಂಗ ಆಗ್ತದರಿ. ಆಕಿ ಒಬ್ಬಾಕಿ.

ಬೆಂಗಳೂರಿನಿಂದ:

ಐದೂಮುಕ್ಕಾಲು. ‘ಸಿಫ್ನೋಸ್ ದ್ವೀಪದ ಕುಂಬಾರ’ ಅಂತ ಕಳಿಸಿದೆ, ಕೆಳಗೆ ಆಕೆ ತಿಗರಿ ಮುಂದೆ ಕೂತ ಚಿತ್ರ. ಸಂಪಾದಕರು ಫೋನು ಮಾಡಿ ‘ಅಕ್ಷರ ಬಿಟ್ಟುಹೋಗಿದೆ ನೋಡಿ’ ಅಂದರು. ಬಿಟ್ಟುಹೋಗಿಲ್ಲ ಅಂದೆ. ಫ್ಲಾರೋಸ್‌ಗೆ ಯಾರೂ ತುಟಿ ಬಿಚ್ಚಲಿಲ್ಲ, ಹಾಗೇ ಬಿಟ್ಟಿದ್ದೇನೆ.

ಶಿವಮೊಗ್ಗದಿಂದ:

ದ್ವೀಪ ಯಾಕೆ? ನಡುಗಡ್ಡೆ ಇತ್ತಲ್ಲ.

ಮೈಸೂರಿನಿಂದ:

ನಡುಗಡ್ಡೆ ಹೊಳೆಯದು. ಕಡಲಿನದಕ್ಕೆ ಬೇರೆ ಎಳೆ ಶುರು ಮಾಡಿ.