ಅಂಗಿಯ ನಂಬರಿಗೂ ‘ನಿವೃತ್ತಿ’ಯೇ?

ಎಲ್ಲರಿಗೂ ನಮಸ್ಕಾರ.

ಇಲ್ಲಿನ ನಮ್ಮ ಕನ್ನಡ ಕೂಟದ ಪತ್ರಿಕೆಗೆ ‘ಅಮೆರಿಕದ ಆಟದ ಅಂಗಳದಲ್ಲಿ ಈ ತಿಂಗಳು’ ಅಂತ ಪುಟ್ಟ ಅಂಕಣ ಬರೆಯುತ್ತಿದ್ದೇನೆ. ಯಾರು ಹುಟ್ಟಿದರು, ಯಾರು ತೀರಿಕೊಂಡರು, ಯಾವ ದಾಖಲೆ ಮುರಿಯಿತು, ಇಷ್ಟೇ. ಹುಟ್ಟು ಸಾವಿಗೆ ನಮ್ಮಲ್ಲಿ ಪದಗಳ ಬರವಿಲ್ಲ. ಒಂದು ಕಡೆ ಮಾತ್ರ ಸಿಕ್ಕಿಕೊಂಡಿದ್ದೇನೆ. ದೊಡ್ಡ ಆಟಗಾರರ ಗೌರವಕ್ಕೆ ಅವರು ತೊಡುತ್ತಿದ್ದ ನಂಬರನ್ನು ಮುಂದೆ ಯಾರಿಗೂ ಕೊಡದಿರುವ ರೂಢಿ ಇದೆಯಲ್ಲ, ಇಂಗ್ಲಿಷಿನಲ್ಲಿ ನಂಬರನ್ನು ‘ರಿಟೈರ್’ ಮಾಡುವುದು ಅನ್ನುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನೋಣ?

ಧೋನಿಯ 7ನೇ ನಂಬರಿನ ಸುದ್ದಿ ಬಂದಾಗ ‘ಜೆರ್ಸಿಗೆ ನಿವೃತ್ತಿ’ ಅನ್ನುವ ಪ್ರಯೋಗ ಓಡಾಡಿತು. ತಲೆಬರಹಕ್ಕೆ ಅದು ನಡೆಯುತ್ತದೆ. ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್ಸನ್ ಬಗ್ಗೆ ಬರೆಯಲು ಕೂತರೆ ಗೋಜಲು ಶುರು.

ರಾಬಿನ್ಸನ್ ಹುಟ್ಟಿದ್ದು 1919ರ ಜನವರಿ 31ರಂದು, ಜಾರ್ಜಿಯಾದಲ್ಲಿ. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ಪರ ಕಣಕ್ಕಿಳಿದರು. ಕಪ್ಪು ಜನರನ್ನು ದಶಕಗಳಿಂದ ಹೊರಗಿಟ್ಟಿದ್ದ ಮೇಜರ್ ಲೀಗ್ ಬೇಸ್‌ಬಾಲಿನ ಬಾಗಿಲು ಅವತ್ತು ತೆರೆಯಿತು. 1956ರ ಋತು ಮುಗಿದ ಮೇಲೆ ಅವರು ಆಟ ಬಿಟ್ಟರು. ಇದು ಮೊದಲ ‘ನಿವೃತ್ತಿ’. 1972ರ ಜೂನ್‌ನಲ್ಲಿ ಡಾಡ್ಜರ್ಸ್ ತಂಡ ಅವರ 42ನೇ ನಂಬರನ್ನು ಬೇರೆಯವರಿಗೆ ಕೊಡುವುದು ನಿಲ್ಲಿಸಿತು. ಎರಡನೆಯದು. ಅದೇ ವರ್ಷ ಅಕ್ಟೋಬರ್ 24ರಂದು ತೀರಿಕೊಂಡರು. ವಯಸ್ಸು ಬರೀ 53. ಆಮೇಲೆ 1997ರ ಏಪ್ರಿಲ್ 15ರಂದು ಲೀಗಿನ ಎಲ್ಲ ತಂಡಗಳಿಗೂ ಅದೇ ನಿಯಮ ಬಂತು. ಮೂರನೆಯದು. ‘ರಾಬಿನ್ಸನ್ ನಿವೃತ್ತಿಯ ವರ್ಷ’ ಅಂದರೆ ಓದುವವರು ಯಾವುದನ್ನು ಹಿಡಿಯಬೇಕು?

ಇನ್ನೊಂದು ತಮಾಷೆ. 1997ರಲ್ಲಿ 42 ತೊಟ್ಟಿದ್ದವರು ಅದನ್ನೇ ಮುಂದುವರಿಸಬಹುದಿತ್ತು. ಹಾಗಾಗಿ ನ್ಯೂಯಾರ್ಕ್ ಯಾಂಕೀಸ್ ತಂಡದ ಮರಿಯಾನೊ ರಿವೆರಾ 2013ರವರೆಗೂ ಅದರಲ್ಲೇ ಆಡಿದರು. ಈಗಲೂ ಪ್ರತಿ ಏಪ್ರಿಲ್ 15ರಂದು ಆಟಗಾರರೆಲ್ಲ 42 ತೊಡುತ್ತಾರೆ. ನಿವೃತ್ತಿಯಾದ ಮೇಲೂ ವರ್ಷಕ್ಕೊಮ್ಮೆ ಡ್ಯೂಟಿಗೆ ಬರುವ ನಂಬರು!

‘ಮೀಸಲು ನಂಬರ್’ ಅನ್ನೋಣವೆಂದರೆ, ಆಟದ ಕನ್ನಡದಲ್ಲಿ ಮೀಸಲು ಆಟಗಾರ ಅಂದರೆ ಬೆಂಚಿನಲ್ಲಿ ಕೂತವನು. ‘ಕೈಬಿಟ್ಟ ನಂಬರ್’ ಅಂದರೆ ಗೌರವವೇ ಹೋಯಿತು. ‘ಹಿಂಪಡೆದ’ ಅಂದರೆ ಏನೋ ತಪ್ಪು ಮಾಡಿದ್ದಕ್ಕೆ ಕಸಿದುಕೊಂಡ ಹಾಗೆ.

ನನ್ನ ಒಲವು ‘ಮುಡಿಪು’ ಕಡೆಗೆ. ತಿಮ್ಮಪ್ಪನಿಗೆ ಅಂತ ಗಂಟು ಕಟ್ಟಿಟ್ಟ ದುಡ್ಡನ್ನು ಮನೆ ಖರ್ಚಿಗೆ ಯಾರೂ ಮುಟ್ಟುವುದಿಲ್ಲ, ಅಲ್ವಾ? ‘42 ರಾಬಿನ್ಸನ್‌ಗೆ ಮುಡಿಪು’ ಅಂದರೆ ಯಾರಿಗೆ, ಯಾಕೆ ಅನ್ನುವುದೂ ಸೇರಿ ಬರುತ್ತದೆ. ಏಪ್ರಿಲ್ 15ರಂದು ಎಲ್ಲರೂ ತೊಟ್ಟರೂ ಅರ್ಥ ಕೆಡುವುದಿಲ್ಲ. ದೇವರ ವಾಸನೆ ಸ್ವಲ್ಪ ಜಾಸ್ತಿ ಅಂತ ಕೆಲವರಿಗೆ ಅನ್ನಿಸಬಹುದು. ‘ಬದುಕನ್ನೇ ಮುಡಿಪಾಗಿಟ್ಟರು’ ಅಂತ ದಿನಾ ಬರೆಯುತ್ತೇವಲ್ಲ, ಹಾಗಾಗಿ ಅದು ದೊಡ್ಡ ತೊಡಕಲ್ಲ.

ಜೂನ್ ಸಂಚಿಕೆಗೆ ಯಾಂಕೀಸ್‌ನ ಆಟಗಾರ ಲೂ ಗೆರಿಗ್ ಇದ್ದಾರೆ. 1903ರ ಜೂನ್ 19ರಂದು ಹುಟ್ಟಿ 1941ರ ಜೂನ್ 2ರಂದು ತೀರಿಕೊಂಡವರು. ಸತತ 2,130 ಪಂದ್ಯ ಆಡಿದವರು. ಈ ಗೌರವ ಮೇಜರ್ ಲೀಗಿನಲ್ಲಿ ಮೊದಲು ಸಿಕ್ಕಿದ್ದು ಅವರ 4ಕ್ಕೇ. ‘ಯಾಂಕೀಸ್ ತಂಡ 4ನೇ ನಂಬರನ್ನು ಗೆರಿಗ್‌ಗೆ ಮುಡಿಪಾಗಿಟ್ಟಿತು’ ಅಂತ ಬರೆದರೆ, ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಅದನ್ನು ಮುಂದೆ ಯಾರೂ ತೊಡುವಂತಿಲ್ಲ ಅನ್ನುವುದು ತಿಳಿಯುತ್ತದೆಯೇ? ಇಲ್ಲ ಇನ್ನೊಂದು ಸಾಲು ಸೇರಿಸಬೇಕೇ?