ಹಲ್ಲು ಕೀಳಿಸಿದ ಬೆಕ್ಕು ತಟ್ಟೆಯ ಬಳಿ ಬಂದು ತಿನ್ನದೆ ಹಿಂದಿರುಗುತ್ತಿದೆ, ಏನು ಮಾಡಬೇಕು?

ಪ್ರಶ್ನೆ

ನಮಸ್ಕಾರ. ನಮ್ಮ ಮನೆಯ ಹೆಣ್ಣುಬೆಕ್ಕು ಚುಕ್ಕಿಗೆ ಈಗ 9 ವರ್ಷ. ಕೆಲವು ತಿಂಗಳಿಂದ ಅವಳು ಡ್ರೈ ಫುಡ್ ಅಗಿಯುವಾಗ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುತ್ತಿದ್ದಳು, ನಡುನಡುವೆ ಬಾಯಿಂದ ಕಾಳುಗಳನ್ನು ಉದುರಿಸುತ್ತಿದ್ದಳು. ವೈದ್ಯರು ಅರಿವಳಿಕೆ ಕೊಟ್ಟು ಬಾಯಿಯ ಎಕ್ಸ್‌-ರೇ ತೆಗೆದಾಗ, ಹೊರಗೆ ಒಸಡಿನ ಅಂಚಿನಲ್ಲಿ ಸಣ್ಣ ಕೆಂಪು ಕಲೆಯಷ್ಟೇ ಕಾಣುತ್ತಿದ್ದ ಹಲ್ಲುಗಳು ಒಳಗೆ ಬೇರಿನವರೆಗೂ ಕರಗುತ್ತಿರುವುದು ಗೊತ್ತಾಯಿತು. ನಿನ್ನೆ ಮಧ್ಯಾಹ್ನ 7 ಹಲ್ಲುಗಳನ್ನು ತೆಗೆದು ಹೊಲಿಗೆ ಹಾಕಿದ್ದಾರೆ. ಅವುಗಳಲ್ಲಿ ಮೇಲ್ದವಡೆಯ ಎಡ ಕೋರೆಹಲ್ಲೂ ಸೇರಿದೆ.

ಮನೆಗೆ ಕರೆತಂದು ಈಗ ಸುಮಾರು 20 ಗಂಟೆಗಳಾಗಿವೆ. ನೀರನ್ನು ಎರಡು ಬಾರಿ ನೆಕ್ಕಿದ್ದಾಳೆ, ಮೂತ್ರ ಮಾಡಿದ್ದಾಳೆ, ಆದರೆ ಏನನ್ನೂ ತಿಂದಿಲ್ಲ. ಹಸಿವಿಲ್ಲವೆಂದು ನನಗೆ ಅನ್ನಿಸುತ್ತಿಲ್ಲ, ಏಕೆಂದರೆ ತಟ್ಟೆ ಇಟ್ಟ ಸದ್ದಿಗೆ ತಾನಾಗಿಯೇ ಎದ್ದು ಬರುತ್ತಾಳೆ, ಮೂಸುತ್ತಾಳೆ, ಒಮ್ಮೆ ನಾಲಿಗೆ ಚಾಚಿ ಮುಟ್ಟಿದವಳೇ ತಲೆ ಒದರಿ ಮಂಚದ ಕೆಳಗೆ ಸೇರಿಕೊಳ್ಳುತ್ತಾಳೆ. ಅವಳು ಮಲಗಿದ್ದ ಬಿಳಿ ಟವೆಲ್ಲಿನ ಮೇಲೆ ನಾಣ್ಯದಗಲದ ತಿಳಿ ಗುಲಾಬಿ ಬಣ್ಣದ ಜೊಲ್ಲಿನ ಕಲೆ ಇತ್ತು. ಕಣ್ಣಿನ ಪಾಪೆಗಳು ಇನ್ನೂ ದೊಡ್ಡದಾಗಿಯೇ ಇವೆ.

ಎರಡು ಔಷಧಿ ಕೊಟ್ಟಿದ್ದಾರೆ. ಒಂದು, ದಿನಕ್ಕೆ ಮೂರು ಬಾರಿ ಚಿಕ್ಕ ಸಿರಿಂಜಿನಲ್ಲಿ ಕೆನ್ನೆಯೊಳಗೆ ಹಾಕಬೇಕಾದ ಬುಪ್ರೆನಾರ್ಫಿನ್. ಇನ್ನೊಂದು, ದಿನಕ್ಕೊಮ್ಮೆ ಆಹಾರದ ಜೊತೆ ಕೊಡಬೇಕಾದ ಮೆಲೋಕ್ಸಿಕಾಮ್ ದ್ರವ. ನನ್ನ ದೊಡ್ಡ ಗೊಂದಲ ಇಲ್ಲಿಯೇ ಇದೆ: ನೋವು ಕಡಿಮೆಯಾಗದೆ ಅವಳು ತಿನ್ನುವುದಿಲ್ಲ, ಅವಳು ತಿನ್ನದೆ ಎರಡನೆಯ ನೋವಿನ ಔಷಧಿಯನ್ನು ಕೊಡುವಂತಿಲ್ಲ. ಸಿರಿಂಜಿನಿಂದ ಬಲವಂತವಾಗಿ ಆಹಾರ ಹಾಕಿ ನಂತರ ಔಷಧಿ ಕೊಡಬಹುದೇ? ಎಷ್ಟು ಹೊತ್ತಿನವರೆಗೆ ಕಾಯುವುದು ಸರಿ? ಜೊತೆಗೆ, ಐದು ವರ್ಷದಿಂದ ಅವಳ ಮೈಗೊತ್ತಿ ಮಲಗುತ್ತಿದ್ದ ನಮ್ಮ ಗಂಡುಬೆಕ್ಕು ಕರಿಯ, ನಿನ್ನೆಯಿಂದ ಅವಳನ್ನು ಕಂಡರೆ ಬುಸುಗುಟ್ಟುತ್ತಿದ್ದಾನೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನಿಮ್ಮ ಆತಂಕ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಬೆಕ್ಕಿಗೆ ಬಾಯಿಯ ತೀವ್ರ ಉರಿಯೂತದಿಂದಾಗಿ ಎರಡು ವರ್ಷದ ಹಿಂದೆ ಎಲ್ಲ ಹಲ್ಲುಗಳನ್ನೂ ತೆಗೆಸಬೇಕಾಯಿತು. ಆಗ ನಾನು ಮಾಡಿದ ಎರಡು ತಪ್ಪುಗಳನ್ನು ಮೊದಲು ಹೇಳುತ್ತೇನೆ, ನೀವು ಅವನ್ನು ಮಾಡದಿದ್ದರೆ ಸಾಕು.

ಮೊದಲನೆಯದು, ಬಲವಂತವಾಗಿ ತಿನ್ನಿಸಿದ್ದು. ಮೊದಲ ರಾತ್ರಿಯೇ ಗಾಬರಿಯಾಗಿ ಅವನನ್ನು ಟವೆಲ್ಲಿನಲ್ಲಿ ಸುತ್ತಿ, ಸಿರಿಂಜಿನಿಂದ ಬಾಯಿಗೆ ಆಹಾರ ಹಾಕಿದೆ. ನೋಯುತ್ತಿದ್ದ ಬಾಯಿಗೆ ನಾನು ಹಾಗೆ ತುರುಕಿದ್ದರಿಂದ ಮರುದಿನ ಆ ಆಹಾರದ ವಾಸನೆ ಬಂದರೂ ಅವನು ಜೊಲ್ಲು ಸುರಿಸಿಕೊಂಡು ಓಡುತ್ತಿದ್ದ. ತಿನ್ನಲು ಮನಸ್ಸಿದ್ದ ಬೆಕ್ಕಿಗೆ ತಿನ್ನುವುದೆಂದರೆ ಭಯವಾಗುವಂತೆ ಮಾಡಿದವಳು ನಾನೇ. ಅಲ್ಲದೆ ಒದ್ದಾಡುವ ಬೆಕ್ಕಿಗೆ ಆಹಾರ ಶ್ವಾಸನಾಳಕ್ಕೆ ಹೋಗುವ ಅಪಾಯವೂ ಇದೆಯೆಂದು ವೈದ್ಯರು ಆಮೇಲೆ ತಿಳಿಸಿದರು. ಎರಡನೆಯದು, ಅವನು ಗುರುಗುಟ್ಟುತ್ತಿದ್ದುದನ್ನು ಕಂಡು ನೋವಿಲ್ಲವೆಂದು ತಿಳಿದದ್ದು. ಬೆಕ್ಕುಗಳು ನೆಮ್ಮದಿಯಲ್ಲಿ ಗುರುಗುಟ್ಟುವಂತೆ ನೋವಿನಲ್ಲಿಯೂ ಗುರುಗುಟ್ಟುತ್ತವೆ.

ನಮಗೆ ಕೆಲಸ ಮಾಡಿದ್ದು ಹೊತ್ತು ನೋಡಿ ಊಟ ಇಡುವುದು. ಕೆನ್ನೆಯ ಔಷಧಿ ಕೊಟ್ಟ ಕೂಡಲೇ ತಟ್ಟೆ ಇಡದೆ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿಟ್ಟು, ಔಷಧಿ ಹಿಡಿಯುವ ಹೊತ್ತಿಗೆ ಇಡುತ್ತಿದ್ದೆ. ವೆಟ್ ಫುಡ್ಡನ್ನು ಚಮಚದ ಹಿಂಬದಿಯಿಂದ ಒಂದೂ ಗಟ್ಟಿ ತುಂಡು ಉಳಿಯದಂತೆ ಅರೆದು, ಬಿಸಿನೀರು ಬೆರೆಸಿ, ತೆಳುವಾದ ಗಂಜಿಯ ಹದಕ್ಕೆ ತಂದು, ಮಣಿಕಟ್ಟಿನ ಒಳಭಾಗಕ್ಕೆ ಹಚ್ಚಿ ನೋಡಿ ಉಗುರುಬೆಚ್ಚಗಿದ್ದರೆ ಮಾತ್ರ ಕೊಡುತ್ತಿದ್ದೆ. ಬೆಚ್ಚಗಿದ್ದರೆ ವಾಸನೆ ಏಳುತ್ತದೆ, ಬೆಕ್ಕು ಆಹಾರವನ್ನು ಒಪ್ಪುವುದು ಹೆಚ್ಚಾಗಿ ಮೂಗಿನಿಂದ. ಆಳವಾದ ಬಟ್ಟಲು ಬೇಡ, ಅದರ ಅಂಚು ತುಟಿಗೆ ತಾಗುತ್ತದೆ. ಚಪ್ಪಟೆ ತಟ್ಟೆಯಲ್ಲಿ ಒಂದು ಚಮಚದಷ್ಟೇ ಹರಡಿಡಿ. ಅದನ್ನೂ ಮುಟ್ಟದಿದ್ದರೆ ಮುಂಗಾಲಿನ ಮೇಲೆ ಒಂದು ಬಟಾಣಿಯಷ್ಟು ಸವರಿ. ಮೈ ಸ್ವಚ್ಛ ಮಾಡಿಕೊಳ್ಳುವ ನೆಪದಲ್ಲಿ ನೆಕ್ಕುತ್ತಾಳೆ, ನೆಕ್ಕಿದರೆ ನೋಯುವುದಿಲ್ಲವೆಂದು ಅವಳಿಗೇ ತಿಳಿಯುತ್ತದೆ. ಬಾಯಿಗೆ ಮಾತ್ರ ಕೈ ಹಾಕಬೇಡಿ. ಬೇರೆ ಯಾವುದೇ ಸಾರು ಕೊಡುವುದಿದ್ದರೂ ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರಕೂಡದು. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ.

ಅವಳನ್ನು ಮಂಚದ ಕೆಳಗಿನಿಂದ ಎಳೆಯುವ ಬದಲು, ಚಿಕ್ಕ ಕೋಣೆಯೊಂದರಲ್ಲಿ ನೆಲದ ಮೇಲೆಯೇ ಹಾಸಿಗೆ, ನೀರು, ತಗ್ಗಿನ ಅಂಚಿನ ಲಿಟರ್ ಟ್ರೇ ಹತ್ತಿರ ಹತ್ತಿರ ಇಟ್ಟು, ಒಂದು ರಟ್ಟಿನ ಪೆಟ್ಟಿಗೆಯನ್ನು ಅಡ್ಡ ಮಲಗಿಸಿಡಿ. ಅಡಗಿಕೊಳ್ಳಲು ಜಾಗವಿದೆ, ಆದರೆ ನಿಮ್ಮ ಕಣ್ಣಿಗೂ ಬೀಳುತ್ತಾಳೆ.

ಎರಡನೆಯ ಉತ್ತರ

ನಾನು ಪಶುವೈದ್ಯೆ. ಚುಕ್ಕಿಯನ್ನು ನಾನು ಪರೀಕ್ಷಿಸಿಲ್ಲವಾದ್ದರಿಂದ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಮಾತೇ ಅಂತಿಮ. ಆದರೂ ನಿಮ್ಮ ಪ್ರಶ್ನೆಗಳಿಗೆ ತಿಳಿದಷ್ಟನ್ನು ವಿವರಿಸುತ್ತೇನೆ.

ಮೊದಲು ಕೆನ್ನೆಯ ಔಷಧಿ. ಬುಪ್ರೆನಾರ್ಫಿನ್ ನುಂಗುವ ಔಷಧಿಯಲ್ಲ. ಬೆಕ್ಕಿನ ಬಾಯಿಯ ಜೊಲ್ಲು ಕ್ಷಾರೀಯವಾಗಿರುವುದರಿಂದ ಅದು ಕೆನ್ನೆಯ ಒಳಪದರದ ಮೂಲಕವೇ ರಕ್ತಕ್ಕೆ ಸೇರುತ್ತದೆ; ಹೊಟ್ಟೆಗೆ ಹೋದರೆ ಯಕೃತ್ತು ಅದರ ಬಹುಭಾಗವನ್ನು ಒಡೆದುಹಾಕುವುದರಿಂದ ನೋವಿಗೆ ಸಿಗುವುದು ಅತ್ಯಲ್ಪ. ಆದ್ದರಿಂದ ಸಿರಿಂಜಿನ ತುದಿಯನ್ನು ತುಟಿಯ ಮೂಲೆಯಿಂದ, ಹೊಲಿಗೆ ಕಡಿಮೆಯಿರುವ ಬದಿಯಲ್ಲಿ, ಕೆನ್ನೆಗೂ ಒಸಡಿಗೂ ನಡುವಿನ ಸಂದಿಗೆ ಮಾತ್ರ ಜಾರಿಸಿ, ನಿಧಾನವಾಗಿ ಒತ್ತಿ. ಗಂಟಲಿನ ಕಡೆಗೆ ಚಿಮ್ಮಿಸಬೇಡಿ, ಆಹಾರದಲ್ಲಿ ಬೆರೆಸಲೂ ಬೇಡಿ. ಔಷಧಿ ಕೊಟ್ಟರೂ ನೋವು ಕಡಿಮೆಯಾಗಲಿಲ್ಲವೆಂದು ದೂರುವ ಅನೇಕರ ಮನೆಯಲ್ಲಿ ಬೆಕ್ಕು ಅದನ್ನು ನುಂಗಿರುತ್ತದೆ. ಪಾಪೆಗಳು ಅಗಲವಾಗಿರುವುದು ಇದೇ ಔಷಧಿಯ ಪರಿಣಾಮ, ಗಾಬರಿ ಬೇಡ. ಆದರೆ ಅಂತಹ ಕಣ್ಣಿಗೆ ಬೆಳಕು ಚುಚ್ಚುವುದರಿಂದ ಕೋಣೆಯಲ್ಲಿ ಮಂದ ಬೆಳಕಿರಲಿ.

ಮೆಲೋಕ್ಸಿಕಾಮ್ ವಿಷಯದಲ್ಲಿ ನಿಮ್ಮ ಹಿಂಜರಿಕೆ ಸರಿಯಾಗಿದೆ. ಊಟ, ನೀರು ಸರಿಯಾಗಿ ಸೇರದ ಬೆಕ್ಕಿಗೆ ಅಂತಹ ಉರಿಯೂತ ತಗ್ಗಿಸುವ ನೋವಿನ ಔಷಧಿ ಹೊಟ್ಟೆಗೂ ಮೂತ್ರಪಿಂಡಕ್ಕೂ ಹೊರೆಯಾಗುತ್ತದೆ. ಅವಳು ಸ್ವಲ್ಪವಾದರೂ ತಿನ್ನುವವರೆಗೆ ಅದನ್ನು ತಡೆಹಿಡಿದು ವೈದ್ಯರಿಗೆ ಕರೆ ಮಾಡಿ. ಔಷಧಿಗಾಗಿಯೇ ಬಲವಂತದ ಊಟ ಬೇಡ. ಬುಪ್ರೆನಾರ್ಫಿನ್‌ಗೂ ಊಟಕ್ಕೂ ಸಂಬಂಧವಿಲ್ಲ, ಅದನ್ನು ಹೇಳಿದ ಹೊತ್ತಿಗೆ ಕೊಡುತ್ತಲೇ ಇರಿ. ನಿಮ್ಮ ಗೊಂದಲದ ಗಂಟು ಬಿಚ್ಚಿಕೊಳ್ಳುವುದು ಅಲ್ಲಿಂದಲೇ.

ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆಗಳ ಕಡೆಗೆ ಕೈ ಹೋಗಲೇಬಾರದು. ಪ್ಯಾರಸಿಟಮಾಲನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಅದರ ರಕ್ತ ಆಮ್ಲಜನಕವನ್ನು ಹೊರಲಾರದಂತಾಗಿ ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, 500 ಮಿಲಿಗ್ರಾಮಿನ ಒಂದೇ ಮಾತ್ರೆ ಜೀವ ತೆಗೆಯಬಲ್ಲದು.

ಎಷ್ಟು ಕಾಯಬಹುದು ಎಂದು ಕೇಳಿದ್ದೀರಿ. ಹೆಚ್ಚಿನ ಬೆಕ್ಕುಗಳು ಅದೇ ದಿನ ರಾತ್ರಿ ಅಥವಾ ಮರುದಿನ ಸ್ವಲ್ಪವಾದರೂ ತಿನ್ನುತ್ತವೆ. 24 ಗಂಟೆ ಕಳೆದರೂ ತಿನ್ನದಿದ್ದರೆ ವೈದ್ಯರಿಗೆ ಕರೆ ಮಾಡಿ, 48 ಗಂಟೆಯವರೆಗೆ ಸುಮ್ಮನೆ ಕಾಯಲೇಬೇಡಿ. ಕೆಲವು ದಿನ ಉಪವಾಸವಿದ್ದ ಬೆಕ್ಕಿನ ಮೈಕೊಬ್ಬು ಯಕೃತ್ತಿಗೆ ನುಗ್ಗಿ, ಅಲ್ಲಿಯೇ ತುಂಬಿಕೊಂಡು ಯಕೃತ್ತು ಸೋಲುವ ಸ್ಥಿತಿ ಬರಬಹುದು. ದಪ್ಪಗಿರುವ ಬೆಕ್ಕುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ವಾಕರಿಕೆಗೆ, ಹಸಿವಿಗೆ ಬೇರೆ ಔಷಧಿಗಳಿವೆ, ಅವನ್ನು ವೈದ್ಯರೇ ಕೊಡಲಿ.

ನೋವನ್ನು ಅಳೆಯಲು ಮುಖ ನೋಡಿ. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಮುಖಚರ್ಯೆಯ ಅಳತೆಗೋಲು ನಮಗೆ ದಿನನಿತ್ಯ ಉಪಯೋಗಕ್ಕೆ ಬರುತ್ತಿದೆ. ಕಿವಿ, ಕಣ್ಣು, ಮೂತಿ, ಮೀಸೆ, ತಲೆಯ ಮಟ್ಟ, ಈ ಐದಕ್ಕೂ 0ಯಿಂದ 2ರವರೆಗೆ ಅಂಕ ಕೊಡಬೇಕು. ಕಿವಿಗಳು ಒಂದಕ್ಕೊಂದು ದೂರವಾಗಿ ಹೊರಕ್ಕೆ ತಿರುಗಿವೆಯೇ, ಕಣ್ಣು ಕಿರಿದಾಗಿದೆಯೇ, ಮೂತಿ ಬಿಗಿದು ಅಂಡಾಕಾರಕ್ಕೆ ಬಂದಿದೆಯೇ, ಮೀಸೆ ನೆಟ್ಟಗೆ ಮುಂದಕ್ಕೆ ಚಾಚಿದೆಯೇ, ತಲೆ ಭುಜಕ್ಕಿಂತ ಕೆಳಗೆ ಜೋತಿದೆಯೇ ಎಂದು ನೋಡಿ. ಒಟ್ಟು 10ರಲ್ಲಿ 4 ಅಥವಾ ಹೆಚ್ಚು ಬಂದರೆ ನೋವುನಿವಾರಕ ಸಾಲುತ್ತಿಲ್ಲವೆಂದು ತಿಳಿದು ಕರೆ ಮಾಡಿ. ಅವಳು ಎಚ್ಚರವಾಗಿ, ಶಾಂತವಾಗಿ ಕುಳಿತಿರುವಾಗ ನೋಡಬೇಕು. ನಿದ್ದೆಯಲ್ಲಿರುವಾಗ ಅಥವಾ ತಿನ್ನುತ್ತಿರುವಾಗ ಅಲ್ಲ.

ತಿಳಿ ಗುಲಾಬಿ ಜೊಲ್ಲು ಒಂದೆರಡು ದಿನ ಸಹಜ. ಕಡುಕೆಂಪು ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ, ಮುಖ ಊದಿಕೊಳ್ಳುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಒಸಡು ಬಿಳಿಚಿಕೊಂಡರೆ, ಬಾಯಿ ತೆರೆದು ಉಸಿರಾಡಿದರೆ ಅದು ತುರ್ತು ಸ್ಥಿತಿ. ಉಸಿರಾಟಕ್ಕಾಗಿ ಗಂಟಲಿಗೆ ನಳಿಗೆ ಹಾಕಿರುವುದರಿಂದ ಒಂದೆರಡು ದಿನ ಸಣ್ಣ ಕೆಮ್ಮು ಬರಬಹುದು. ಮಲವಿಸರ್ಜನೆ ಎರಡು ಮೂರು ದಿನ ತಡವಾಗುವುದೂ ಸಾಮಾನ್ಯ.

ಮೂರನೆಯ ಉತ್ತರ

ಕರಿಯನ ಬಗ್ಗೆ ಮಾತ್ರ ಹೇಳುತ್ತೇನೆ, ಉಳಿದದ್ದನ್ನು ಮೇಲಿನವರು ಹೇಳಿದ್ದಾರೆ. ಅವನು ಚುಕ್ಕಿಯನ್ನು ದ್ವೇಷಿಸುತ್ತಿಲ್ಲ, ಆಸ್ಪತ್ರೆಯ ವಾಸನೆ ಹೊತ್ತು ಬಂದವಳನ್ನು ಗುರುತಿಸುತ್ತಿಲ್ಲ. ಅವನನ್ನು ಗದರಿಸಬೇಡಿ, ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸಲೂ ಹೋಗಬೇಡಿ. ಎರಡು ಮೂರು ದಿನ ಬಾಗಿಲು ಮುಚ್ಚಿ ಬೇರೆಯಾಗಿಡಿ. ಕರಿಯ ಮಲಗಿದ್ದ ಬಟ್ಟೆಯನ್ನು ಚುಕ್ಕಿಯ ಹಾಸಿಗೆಗೂ, ಅವಳ ಟವೆಲ್ಲನ್ನು ಅವನ ಜಾಗಕ್ಕೂ ಅದಲುಬದಲು ಮಾಡಿ. ಬಟ್ಟೆಯನ್ನು ಮೂಸಿ ಅದರ ಮೇಲೆಯೇ ಅವನು ಮಲಗಿದ ದಿನ ಬಾಗಿಲನ್ನು ಸ್ವಲ್ಪ ತೆರೆದು ನೋಡಿ. ಬೇರೆಯಾಗಿಡುವುದರಿಂದ ಇನ್ನೊಂದು ಅನುಕೂಲವೂ ಇದೆ: ಯಾರು ತಿಂದರು, ಯಾರ ಲಿಟರ್ ಟ್ರೇ ಒದ್ದೆಯಾಗಿದೆ ಎನ್ನುವುದರಲ್ಲಿ ಅನುಮಾನವಿರುವುದಿಲ್ಲ.

ಪ್ರಶ್ನೆ ಕೇಳಿದವರಿಂದ, ನಾಲ್ಕನೆಯ ದಿನ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಾನು ಬುಪ್ರೆನಾರ್ಫಿನನ್ನು ನಾಲಿಗೆಯ ಮೇಲೆ ಹಾಕುತ್ತಿದ್ದೆ ಎಂಬುದು ಇಲ್ಲಿ ಓದಿದ ಮೇಲೆಯೇ ತಿಳಿಯಿತು. ಅಂದು ಸಂಜೆ ಕೆನ್ನೆಯ ಸಂದಿಗೆ ಸರಿಯಾಗಿ ಹಾಕಿ, ಒಂದು ಗಂಟೆ ಬಿಟ್ಟು ಬೆಚ್ಚಗಿನ ಆಹಾರವನ್ನು ಮುಂಗಾಲಿಗೆ ಸವರಿದೆ. ನೆಕ್ಕಿದಳು, ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು, ಆಮೇಲೆ ತಾನಾಗಿಯೇ ತಟ್ಟೆಗೆ ಬಂದು ಎರಡು ಚಮಚದಷ್ಟು ತಿಂದಳು. ನಾನು ಬಾಗಿಲ ಹಿಂದೆ ನಿಂತು ಉಸಿರು ಬಿಗಿಹಿಡಿದು ಆ ಸಣ್ಣ ಸದ್ದನ್ನು ಕೇಳಿಸಿಕೊಂಡೆ. ವೈದ್ಯರಿಗೆ ಕರೆ ಮಾಡಿ ಕೇಳಿ, ಮರುದಿನದಿಂದ ಮೆಲೋಕ್ಸಿಕಾಮನ್ನೂ ಆರಂಭಿಸಿದೆವು.

ಈಗ ಎರಡು ಹೊಸ ಅನುಮಾನಗಳಿವೆ. ಕೋರೆಹಲ್ಲು ತೆಗೆದ ಕಡೆ ಮೇಲಿನ ತುಟಿ ಒಳಕ್ಕೆ ಸರಿದು, ಕೆಳಗಿನ ಕೋರೆಹಲ್ಲು ಅದರ ಮೇಲೆ ಒತ್ತಿಕೊಂಡಂತೆ ಕಾಣುತ್ತಿದೆ. ಆಕಳಿಸಿದಾಗ ಹೊಲಿಗೆಯ ದಾರವೂ ಕಾಣಿಸಿತು. ಅದನ್ನು ತೆಗೆಸಬೇಕೇ?

ಪಶುವೈದ್ಯೆಯ ಮರು ಉತ್ತರ

ಕೇಳಿ ಸಂತೋಷವಾಯಿತು. ಬಾಯಿಯ ಹೊಲಿಗೆಗೆ ಸಾಮಾನ್ಯವಾಗಿ ತಾನೇ ಕರಗುವ ದಾರವನ್ನು ಬಳಸುತ್ತೇವೆ, ಪೂರ್ತಿ ಮರೆಯಾಗಲು ಕೆಲವು ವಾರ ಬೇಕು. ತುದಿ ಜೋತಾಡುತ್ತಿದ್ದರೂ ಎಳೆಯಬೇಡಿ, ಹತ್ತಿಯಿಂದ ಒರೆಸಲೂ ಬೇಡಿ. ಅವಳು ಮುಂಗಾಲಿನಿಂದ ಬಾಯಿಯನ್ನು ಕೆರೆದುಕೊಳ್ಳುತ್ತಿದ್ದರೆ ಕೊರಳಿಗೆ ಕೋನ್ (ಕಾಲು ಬಾಯಿಗೆ ತಲುಪದಂತೆ ತಡೆಯುವ ಅಗಲವಾದ ಕೊರಳಪಟ್ಟಿ) ಹಾಕಬೇಕಾಗುತ್ತದೆ.

ಮೇಲಿನ ಕೋರೆಹಲ್ಲು ತುಟಿಯನ್ನು ಹೊರಕ್ಕೆ ಹಿಡಿದಿರುತ್ತದೆ, ಅದು ಹೋದಾಗ ತುಟಿ ಒಳಕ್ಕೆ ಸರಿಯುವುದು ಸಹಜ. ಹೆಚ್ಚಿನ ಬೆಕ್ಕುಗಳಿಗೆ ಇದರಿಂದ ತೊಂದರೆಯಿಲ್ಲ. ತುಟಿಯ ಮೇಲೆ ಹುಣ್ಣು ಕಂಡರೆ ಮಾತ್ರ ಬೇಗ ತೋರಿಸಿ. ಅದಕ್ಕಿಂತ ಮುಖ್ಯವಾಗಿ ಗಮನಿಸಬೇಕಾದದ್ದು ಮೂಗು. ಆ ಹಲ್ಲಿನ ಬೇರಿಗೂ ಮೂಗಿನ ಕುಹರಕ್ಕೂ ನಡುವೆ ಇರುವುದು ತೆಳ್ಳನೆಯ ಮೂಳೆ. ಹೊಲಿಗೆ ಬಿಟ್ಟುಕೊಂಡರೆ ಅಲ್ಲಿ ರಂಧ್ರ ಉಳಿದು, ತಿಂದ ನಂತರ ಪದೇ ಪದೇ ಸೀನು, ಅದೇ ಬದಿಯ ಮೂಗಿನಿಂದ ಸ್ರಾವ ಶುರುವಾಗಬಹುದು. ಹಾಗಾದರೆ ಮರುಪರೀಕ್ಷೆಯ ದಿನದವರೆಗೆ ಕಾಯಬೇಡಿ.

ಗಾಯ ಮಾಗುವವರೆಗೆ, ಎಂದರೆ 10ರಿಂದ 14 ದಿನ, ಮೆತ್ತನೆಯ ಆಹಾರವೇ ಇರಲಿ. ಹಲ್ಲುಜ್ಜುವುದು, ಕಚ್ಚಿ ಎಳೆಯುವ ಆಟಿಕೆ ಬೇಡ.

ಪ್ರಶ್ನೆ ಕೇಳಿದವರಿಂದ, ಹದಿಮೂರನೆಯ ದಿನ

ಇಂದು ಮರುಪರೀಕ್ಷೆಗೆ ಹೋಗಿ ಬಂದೆವು. ಒಸಡು ಎಲ್ಲ ಕಡೆ ಕೂಡಿಕೊಂಡಿದೆ, ತುಟಿಯಲ್ಲಿ ಹುಣ್ಣಿಲ್ಲ, ಸೀನೂ ಬಂದಿಲ್ಲ. ಬೆಕ್ಕಿಗೆ ಇರುವುದೇ 30 ಹಲ್ಲು, ಅದರಲ್ಲಿ 7 ಹೋದವಲ್ಲ ಎಂದು ನಾನು ಸಂಕಟಪಡುತ್ತಿದ್ದೆ. ಉಳಿದವುಗಳ ಎಕ್ಸ್‌-ರೇಯನ್ನು ಮುಂದಿನ ವರ್ಷ ಮತ್ತೆ ತೆಗೆಯೋಣ, ಈ ಕಾಯಿಲೆ ಬಂದ ಬೆಕ್ಕಿನಲ್ಲಿ ಬೇರೆ ಹಲ್ಲುಗಳೂ ಕರಗುವ ಸಾಧ್ಯತೆ ಇರುತ್ತದೆ ಎಂದು ವೈದ್ಯರು ತಿಳಿಸಿದರು. ಡ್ರೈ ಫುಡ್ಡನ್ನು ಇನ್ನೊಂದು ವಾರ ನೀರಿನಲ್ಲಿ ನೆನೆಸಿಯೇ ಕೊಡಬೇಕಂತೆ.

ಆಸ್ಪತ್ರೆಯಿಂದ ಬಂದ ಕೂಡಲೇ, ಈ ಬಾರಿ ಕರಿಯನ ಬಟ್ಟೆಯಿಂದ ಅವಳ ಮೈಯನ್ನು ಒಮ್ಮೆ ಒರೆಸಿ ಒಳಗೆ ಬಿಟ್ಟೆ. ಅವನು ಮೂಸಿ ನೋಡಿ, ಬುಸುಗುಟ್ಟದೆ ಪಕ್ಕದಲ್ಲಿ ಮಲಗಿದ್ದಾನೆ. ಚುಕ್ಕಿ ತಿನ್ನುವಾಗ ಈಗ ತಲೆ ವಾಲಿಸುತ್ತಿಲ್ಲ.